ಬೆವರಿಲ್ಲದ ಕೆಂಪು

ಆರ್ಡಿಸ್ ಟೋಲೆಫ್ಸನ್ ಮಿನ್ನೆಸೋಟದ ಉತ್ತರದ ಹಳ್ಳಿಗಳಿಗೆ ಹತ್ತೊಂಬತ್ತು ವರ್ಷದಿಂದ ಅಂಚೆ ಹಂಚುತ್ತಿದ್ದಳು. ದಿನಕ್ಕೆ ತೊಂಬತ್ತು ಮೈಲಿ ದಾರಿ, ನಡುವೆ ಒಂದೇ ಒಂದು ಪೆಟ್ರೋಲ್ ಬಂಕು. ಅಲ್ಲಿನ ಕಕ್ಕಸಿಗೆ ಬೀಗ ಬಿದ್ದಿರುತ್ತದೋ ಏನೋ ಎಂಬ ಭಯದಲ್ಲೇ ಅವಳ ಬೆಳಗು ಕಳೆಯುತ್ತಿತ್ತು. ಹೊಟ್ಟೆ ಯಾವಾಗ ಕೈಕೊಡುತ್ತದೆಂದು ಹೇಳುವಂತಿರಲಿಲ್ಲ. ಎರಡು ಸಲ ಹಿಮದಲ್ಲಿ ಮರಗಳ ಹಿಂದೆ ಓಡಿದ್ದಳು.

ಹೊಟ್ಟೆಯ ಈ ತೊಂದರೆ ಶುರುವಾಗಿ ಆರು ವರ್ಷವಾಗಿತ್ತು. ಜೊತೆಗೆ ಮುಖ ಇದ್ದಕ್ಕಿದ್ದಂತೆ ಕೆಂಡವಾಗುತ್ತಿತ್ತು. ಡಾಕ್ಟರು ಪ್ರತಿ ಸಲ ಹೇಗಿದ್ದೀರಿ ಎಂದರೆ, "ಪರವಾಗಿಲ್ಲ" ಎನ್ನುತ್ತಿದ್ದಳು. ಆ ಕಡೆಯವರು ಯಾರೂ ಅದಕ್ಕಿಂತ ಹೆಚ್ಚು ಹೇಳಿಕೊಳ್ಳುವವರಲ್ಲ. ಡಾಕ್ಟರೂ ಮುಟ್ಟು ನಿಲ್ಲುವ ವಯಸ್ಸಿನ ಬದಲಾವಣೆ, ಕರುಳು ಸೂಕ್ಷ್ಮ ಎಂದು ಬರೆದು ಕಳಿಸುತ್ತಿದ್ದರು.

ಜನವರಿಯಲ್ಲಿ ನರ್ಸ್ ಮ್ಯಾಕ್ಸೀನ್ ರಕ್ತ ತೆಗೆಯುವಾಗಲೇ ಆರ್ಡಿಸ್‌ಳ ಮುಖ ಕೆಂಪೇರಿತು. ಮ್ಯಾಕ್ಸೀನ್ ಹಣೆಯ ಮೇಲೆ ಕೈಯಿಟ್ಟಳು.

"ಬೆವರೇ ಇಲ್ವಲ್ಲ. ಯಾವಾಗ್ಲೂ ಹೀಗೇನಾ?"

"ಹೂಂ."

"ಹೊಟ್ಟೆ?"

"ಪರವಾಗಿಲ್ಲ."

ಮ್ಯಾಕ್ಸೀನ್ ಕೇಳುವುದು ನಿಲ್ಲಿಸಿ ಕುರ್ಚಿ ಎಳೆದು ಎದುರು ಕೂತಳು. ಆರ್ಡಿಸ್ ನಿಧಾನವಾಗಿ ಬಾಯಿಬಿಟ್ಟಳು. ದಿನಕ್ಕೆ ಐದಾರು ಸಲ. ಏನೂ ತಿನ್ನದ ದಿನವೂ ಅಷ್ಟೇ, ನಿದ್ದೆಯಿಂದ ಎಬ್ಬಿಸಿದ್ದೂ ಉಂಟು.

"ತಿನ್ನದಿದ್ರೂ ಹೋಗುತ್ತಾ? ಮತ್ತೆ ಅದು ಊಟದ ತಂಟೆ ಅಲ್ಲ ಕಣ್ರೀ. ವಯಸ್ಸಿನ ಕೆಂಪಾದ್ರೆ ಬಟ್ಟೆ ಒದ್ದೆ ಆಗೋ ಹಾಗೆ ಬೆವರುತ್ತೆ. ಇದು ಒಣಗಿದೆ."

ಯಾವುದೋ ಗಡ್ಡೆ ಮೈಯೊಳಗೆ ಒಂದು ರಸ ಸುರಿಸುತ್ತಿದ್ದರೆ ಹೀಗಾಗಬಹುದು, ಆ ರಸದ ಗುರುತು ಮೂತ್ರದಲ್ಲಿ ಸಿಗುತ್ತದೆ ಎಂದು ಮ್ಯಾಕ್ಸೀನಳೇ ಡಾಕ್ಟರಿಗೆ ಹೇಳಿ ಪರೀಕ್ಷೆ ಬರೆಸಿದಳು. ಒಂದು ಪೂರ್ತಿ ದಿನದ ಮೂತ್ರವನ್ನು ಕ್ಯಾನಿನಲ್ಲಿ ಹಿಡಿಯಬೇಕು. ಮೂರು ದಿನ ಮೊದಲಿನಿಂದ ಬಾಳೆಹಣ್ಣು, ಟೊಮೆಟೊ, ಅನಾನಸ್, ವಾಲ್‌ನಟ್ ಮುಟ್ಟುವಂತಿಲ್ಲ; ಅವನ್ನು ತಿಂದರೂ ಆ ಗುರುತು ಏರುತ್ತದೆ.

ಪಥ್ಯದ ಎರಡನೆಯ ದಿನ, ಅವಳ ದಾರಿಯ ಮನೆಯೊಂದರ ಎಂಬತ್ತಾರು ವರ್ಷದ ಹುಲ್ಡಾ ಬ್ರೆಕ್ಕೆ ತನ್ನ ಅಂಚೆ ಡಬ್ಬಿಯ ಪಕ್ಕ ಹೆಪ್ಪುಗಟ್ಟುತ್ತ ನಿಂತಿದ್ದಳು. ಕೈಯಲ್ಲಿ ಬಾಳೆಹಣ್ಣೂ ವಾಲ್‌ನಟ್ಟೂ ಹಾಕಿ ಮಾಡಿದ ಬಿಸಿ ಬ್ರೆಡ್ಡು. "ನನ್ನೆದುರಿಗೇ ತಿನ್ನು ಮಗಳೇ." ಆ ಚಳಿಯಲ್ಲಿ ನಿಂತವಳಿಗೆ ಬೇಡವೆನ್ನಲು ನಾಲಗೆ ಏಳಲಿಲ್ಲ. ತಿಂದಳು.

ಪರೀಕ್ಷೆಯಲ್ಲಿ ಆ ಗುರುತು ಹೆಚ್ಚಾಗಿ ಬಂದಿತ್ತು. ಡಾಕ್ಟರು ಫೋನಿನಲ್ಲಿ, "ಬಾಳೆಹಣ್ಣು ತಿಂದಿದ್ರಾ?" ಎಂದರು. ಸುಳ್ಳು ಹೇಳಲಾಗಲಿಲ್ಲ. "ಹಾಗಿದ್ರೆ ಇದಕ್ಕೆ ಅರ್ಥ ಇಲ್ಲ. ಬಿಟ್ಟುಬಿಡೋಣ."

ಆರ್ಡಿಸ್ ಫೋನ್ ಕೆಳಗಿಟ್ಟಳು. ಬಿಟ್ಟರೆ ಇನ್ನಾರು ವರ್ಷ ಹೀಗೆಯೇ. ಒಳಗೆ ಆ ಗಡ್ಡೆ ಬೆಳೆಯುತ್ತಿದ್ದರೆ? ಅಂದೇ ಮ್ಯಾಕ್ಸೀನಳ ಬಳಿ ಹೋದಳು.

"ಇನ್ನೊಂದ್ಸಲ ಹಿಡೀತೀನಿ."

"ಈ ಸಲ ತಿನ್ನೋ ಬಾಯಿಗೆ ಬೀಗ ಹಾಕ್ಕೊಳ್ಳಿ," ಎಂದು ಮ್ಯಾಕ್ಸೀನ್ ಹೊಸ ಕ್ಯಾನು ಕೊಟ್ಟಳು.

ಮುಂದಿನ ವಾರ ಹುಲ್ಡಾ ಮತ್ತೆ ಬ್ರೆಡ್ಡು ಹಿಡಿದು ನಿಂತಿದ್ದಳು. ಆರ್ಡಿಸ್ ಪತ್ರಗಳನ್ನು ಕೊಟ್ಟಳು, ಆದರೆ ಬ್ರೆಡ್ಡು ತೆಗೆದುಕೊಳ್ಳಲಿಲ್ಲ.

"ಯಾಕೆ, ನನ್ನ ಕೈರುಚಿ ಕೆಟ್ಟೋಯ್ತಾ?"

"ಹೊಟ್ಟೆ ಸರಿ ಇಲ್ಲ, ಹುಲ್ಡಾ. ಆರು ವರ್ಷದಿಂದ. ಪರೀಕ್ಷೆ ಇದೆ, ಇದನ್ನ ತಿಂದ್ರೆ ಕೆಡುತ್ತೆ."

ಮುದುಕಿ ಅವಳನ್ನೇ ದಿಟ್ಟಿಸಿದಳು. "ಪೆದ್ದಿ! ಹೋದ ವಾರಾನೇ ಹೇಳೋಕೇನಾಗಿತ್ತು? ಆರು ಮಕ್ಕಳ ಬಟ್ಟೆ ತೊಳೆದೋಳು ನಾನು. ನನ್ನ ಹತ್ರ ಎಂಥ ನಾಚಿಕೆ?"

ಕ್ಯಾನು ಕೊಟ್ಟು ಬಂದು ಎಂಟು ದಿನ ಕಾದಳು. ಫೋನ್ ಹೊಡೆದುಕೊಂಡಾಗಲೆಲ್ಲ ಓಡಿಹೋಗಿ ಎತ್ತುತ್ತಿದ್ದಳು. ಒಂಬತ್ತನೆಯ ದಿನ ಡಾಕ್ಟರೇ ಮಾತಾಡಿದರು. ಈ ಸಲ ಆ ಗುರುತು ಇರಬೇಕಾದ್ದಕ್ಕಿಂತ ಎಂಟು ಪಟ್ಟು ಹೆಚ್ಚು. ಆಮೇಲೆ ಮಾಡಿಸಿದ ಸ್ಕ್ಯಾನಿನಲ್ಲಿ ಸಣ್ಣಕರುಳಿನ ತುದಿಗೆ ಅವರೆಕಾಳಿನಷ್ಟು ಗಡ್ಡೆ, ಯಕೃತ್ತಿನಲ್ಲಿ ಎರಡು ಚುಕ್ಕೆ ಕಂಡವು. ನಿಧಾನಕ್ಕೆ ಬೆಳೆಯುವಂಥದ್ದು, ತಿಂಗಳಿಗೊಂದು ಇಂಜೆಕ್ಷನ್ನು ಆ ರಸವನ್ನು ತಡೆಯುತ್ತದೆ, ಶಸ್ತ್ರಚಿಕಿತ್ಸೆಯ ಮಾತು ಆಮೇಲೆ ಎಂದರು ಡಾಕ್ಟರು. "ನಾನು ಇನ್ನಷ್ಟು ಕೇಳಬೇಕಿತ್ತು," ಎಂದೂ ಸೇರಿಸಿದರು.

ಅಂದು ಸಂಜೆ ಊಟಕ್ಕೆ ಕೂತಾಗ ಗಂಡ ವರ್ಲಿನ್‌ಗೆ ಒಂದೂ ಬಿಡದೆ ಹೇಳಿದಳು, ಮರದ ಹಿಂದೆ ಓಡಿದ್ದನ್ನೂ. ಅವನು ಫೋರ್ಕು ಕೆಳಗಿಟ್ಟ.

"ಊಟದ ಮಧ್ಯೆ ಎದ್ದು ಹೋಗ್ತಿದ್ದೆಯಲ್ಲ. ನನ್ನ ಅಡುಗೆ ಸೇರಲ್ಲ ಅಂದ್ಕೊಂಡಿದ್ದೆ."

"ಅದೂ ಇತ್ತು."

ಅವನು ನಗಲಿಲ್ಲ. "ಇಂಜೆಕ್ಷನ್ ಯಾವತ್ತು?"

"ನಾಳೆ ಎಂಟಕ್ಕೆ."

ವರ್ಲಿನ್ ಕೋಟು ತೊಟ್ಟು, ಬೆಳಿಗ್ಗೆ ಎಂಜಿನ್ನು ಹೆಪ್ಪುಗಟ್ಟದಿರಲೆಂದು, ಅದನ್ನು ರಾತ್ರಿಯಿಡೀ ಬೆಚ್ಚಗಿಡುವ ಕರೆಂಟಿನ ವೈರನ್ನು ಕಾರಿಗೆ ಸಿಕ್ಕಿಸಲು ಹೊರಗೆ ಹೋದ.