ಅರವತ್ತೆರಡನೆಯ ಸಾವು

ಸಿನಿಮಾದವರ ಊರು ಬರ್ಬ್ಯಾಂಕಿನ ನಟ ಎಲ್‌ರಾಯ್ ಹ್ಯಾಫ್ನರ್ ಸಾಯುವುದರಲ್ಲಿ ಮಹಾರಥಿ. ಹದಿನೆಂಟು ವರ್ಷಗಳಲ್ಲಿ ಗುಂಡೇಟಿಗೆ, ನೇಣಿಗೆ, ಒಮ್ಮೆ ದನಗಳ ಕಾಲ್ತುಳಿತಕ್ಕೆ, ಹೀಗೆ ಕ್ಯಾಮೆರಾ ಮುಂದೆ ಅರವತ್ತೊಂದು ಸಲ ಪ್ರಾಣ ಬಿಟ್ಟಿದ್ದ. ಅವನ ಮುಖ ದೇಶಕ್ಕೆಲ್ಲ ಗೊತ್ತು. ಹೆಸರು ಗೊತ್ತಿದ್ದದ್ದು ಹೆಂಡತಿ ಡಾಟಿಗೆ ಮತ್ತು ಅಂಚೆಯವನಿಗೆ.

ಅಂಥವನಿಗೆ ೧೯೬೧ರಲ್ಲಿ ಟೀವಿಯ ಕೌಬಾಯ್ ಧಾರಾವಾಹಿಯೊಂದರಲ್ಲಿ ಸಾರಾಯಿ ಅಂಗಡಿಯವನ ಪಾತ್ರ ಸಿಕ್ಕಿತು. ಕಂತಿನ ಕೊನೆಗೂ ಆ ಪಾತ್ರ ಬದುಕಿರುತ್ತಿತ್ತು. ಬದುಕಿದ್ದರೆ ವಾರವಾರವೂ ಕೆಲಸ.

"ಹೀರೋ ಮಾತಾಡೋವಾಗ ತೆಪ್ಪಗೆ ನಿಂತ್ಕೊ," ಎಂದಳು ಡಾಟಿ.

"ನಾನೇನ್ ಮಾಡ್ತೀನೇ?"

"ಹೋದ್ಸಲ ಹೆಣ ಆಗಿ ಮಲ್ಗಿದ್ದೋನು ಮೂಗು ಕೆರ್ಕೊಂಡೆ."

ಮೊದಲ ದಿನವೇ ನಾಯಕ ಚೆಟ್ ಲ್ಯಾನ್ಯನ್ ನ್ಯಾಯದ ಬಗ್ಗೆ ದೀರ್ಘ ಭಾಷಣ ಬಿಗಿದ. ಎಲ್‌ರಾಯ್ ಹಿಂದೆ ನಿಂತು ಲೋಟ ಒರೆಸಬೇಕಿತ್ತು, ಒರೆಸಿದ. ಆದರೆ ಕಲೆ ಸುಮ್ಮನಿರಬೇಕಲ್ಲ! ಲೋಟವನ್ನು ಬೆಳಕಿಗೆ ಹಿಡಿದು, ಕೊಳೆ ಕಂಡು, ಉಗುಳಿ ಮತ್ತೆ ಒರೆಸಿದ. ದೀಪದವರು ನಕ್ಕರು. ಚೆಟ್ ಕೂಡ ಹಲ್ಲಷ್ಟೇ ತೋರಿಸಿ ನಕ್ಕ.

ಆ ಊರಿನಲ್ಲಿ ಕಥೆ ತಿದ್ದಿದರೆ ಹೊಸ ಹಾಳೆ ಬೇರೆ ಬಣ್ಣದಲ್ಲಿ ಬರುತ್ತದೆ. ಬೆಳಗಿನ ಬಿಳಿ ಹಾಳೆಯಲ್ಲಿ ಬದುಕಿದ್ದ ಅಂಗಡಿಯವನು ಊಟದ ಹೊತ್ತಿಗೆ ಗುಲಾಬಿ ಹಾಳೆಯಲ್ಲಿ ಎದೆಗೆ ಗುಂಡು ತಿಂದು, ನಾಯಕನ ತೊಡೆಯ ಮೇಲೆ ಸತ್ತಿದ್ದ.

ಎಲ್‌ರಾಯ್ ನೆಟ್ಟಗೆ ಚೆಟ್‌ನ ಕೋಣೆಗೆ ಹೋದ.

"ಬಹಳ ಉಪಕಾರ ಆಯ್ತು ಸಾಹೇಬ್ರೇ."

"ಯಾತಕ್ಕಯ್ಯಾ?"

"ಸಾಯೋ ಸೀನು ಕೊಡಿಸಿದ್ದಕ್ಕೆ. ಎರಡು ನಿಮಿಷ ಪೂರ್ತಿ ನನ್ ಮುಖಾನೇ. ದೇಶಾನೇ ಅಳೋ ಹಾಗೆ ಸಾಯ್ತೀನಿ, ನೋಡ್ತಾ ಇರಿ."

ಚೆಟ್‌ನ ಬಾಚಣಿಗೆ ಅರ್ಧ ತಲೆಯಲ್ಲೇ ನಿಂತಿತು. "ಆಗ ನಾನೆಲ್ಲಿ ಕಾಣ್ತೀನಿ?"

"ನಿಮ್ಮ ಮೊಣಕಾಲು ಚೆನ್ನಾಗಿ ಕಾಣತ್ತೆ."

ಅರ್ಧ ಗಂಟೆಯಲ್ಲಿ ಹಳದಿ ಹಾಳೆ ಬಂತು. ಗುಂಡು ಎದೆಯಿಂದ ಗಂಟಲಿಗೆ ಸರಿದಿತ್ತು. ಅಂಗಡಿಯವನ ಜೀವ ಉಳಿಯಿತು, ಮಾತು ಶಾಶ್ವತವಾಗಿ ಹೋಯಿತು.

ಎಲ್‌ರಾಯ್ ಏಳು ವರ್ಷ ತುಟಿ ಬಿಚ್ಚದೆ, ವಾರವಾರವೂ ಜೀವಂತವಾಗಿ ನಿಂತ. ಮೂರನೆಯ ವರ್ಷ ಚೆಟ್ ಸಂಬಳ ಏರಿಸಿ ಎಂದು ಪಟ್ಟು ಹಿಡಿದಾಗ, ಗುಲಾಬಿ ಹಾಳೆಯೊಂದರಲ್ಲಿ ನಾಯಕನೇ ಕುದುರೆಯಿಂದ ಬಿದ್ದು ತೀರಿಕೊಂಡ. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಮೂಕ ಅಂಗಡಿಯವನೇ ಮುಂದಿದ್ದ.