ಕುಂಕುಮ ಹಿಡಿದು ಕಟ್ಟಿದ ಸ್ಟೇರಿಂಗ್

ನಾನು ಗೌಂಡಿ. ಕೊಟ್ಟೂರಿನಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ನಾನು ಕಟ್ಟಿದ ಗೋಡೆಗಳಿವೆ, ಒಂದೂ ವಾಲಿಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಇಟ್ಟಿಗೆ ಹೊರಲು ಹೋದವನು ನಾನು. ಇಟ್ಟಿಗೆ ಹೊತ್ತೇ ಮನೆ ಕಟ್ಟಿಕೊಂಡೆ, ಮಗಳನ್ನು ಓದಿಸಿದೆ, ಒಂದು ಬಿಳಿ ಕಾರನ್ನೂ ತಂದು ಬಾಗಿಲಿಗೆ ನಿಲ್ಲಿಸಿದೆ. ಹಳೆಯ ಕಾರು ನಿಜ. ಆದರೆ ನನ್ನ ಕಾರು.

ಮಗಳನ್ನು ಹೊಳಲಿಗೆ ಕೊಟ್ಟಿದ್ದೆವು. ಚೊಚ್ಚಲ ಬಸುರಿ. ಬಾಣಂತನಕ್ಕೆ ತವರಿಗೆ ಕರೆತರಲು ಅಮಾವಾಸ್ಯೆ ಕಳೆದ ಮೇಲಿನ ಸೋಮವಾರವನ್ನು ಹಿರಿಯರು ನೋಡಿಟ್ಟಿದ್ದರು. ಅವಳು ಫೋನಿನಲ್ಲಿ ಒಂದೇ ಮಾತು ಕೇಳಿದ್ದಳು: "ಅಪ್ಪಾ, ನಮ್ಮ ಕಾರು ತಗೊಂಡ ಬಾ. ಬಾಡಿಗಿ ಗಾಡ್ಯಾಗ ನಾ ಬರಂಗಿಲ್ಲ ನೋಡು."

ಆಯಿತು ಎಂದುಬಿಟ್ಟೆ. ಪಕ್ಕದಲ್ಲಿ ನಿಂತಿದ್ದ ಹೆಂಡತಿ ನಾನು ಫೋನು ಇಡುವುದನ್ನೇ ಕಾಯುತ್ತಿದ್ದಳು.

"ಆ ಕಾರಿನ್ಯಾಗ ನನ್ನ ಮಗಳು ಕುಂದ್ರಂಗಿಲ್ಲ," ಎಂದಳು. "ನೀವು ಸ್ಟೇರಿಂಗ್ ತಿರುವಿದ ಮ್ಯಾಲ ಅದು ಯೋಚ್ನಿ ಮಾಡಿ ತಿರುಗತೈತಿ. ಬಸರಿ ಹೆಣಮಗಳನ್ನ ಅದರಾಗ ಕರಕೊಂಡು ಬರ್ತೀರೇನು?"

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸ್ಟೇರಿಂಗ್ ಒಂದು ಗೇಣು ಆ ಕಡೆ ಈ ಕಡೆ ಆಡಿದರೂ ಚಕ್ರಕ್ಕೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಗುಂಡಿಗೆ ಬಿದ್ದಾಗ ಮುಂದೆ ಕಟಕಟ ಸದ್ದು. ನಮ್ಮೂರ ಮೆಕ್ಯಾನಿಕ್ ಕೆಳಗೆ ತೂರಿ ನೋಡಿ, "ಟೈರಾಡ್ ಎಂಡ್ ಎರಡೂ ಸವದಾವ್ರಿ ಮೇಸ್ತ್ರಿ. ಸೋಮಾರ ಕಳದ ಮ್ಯಾಲ ತರ್ರಿ, ಈಗ ಕೈತುಂಬ ಕೆಲಸ ಐತಿ," ಎಂದ. ನನಗೆ ಬೇಕಾದದ್ದು ಸೋಮವಾರ ಕಳೆಯುವುದರೊಳಗೆ.

ಟೈರಾಡ್ ಎಂದರೆ ಸ್ಟೇರಿಂಗಿನ ಮಾತನ್ನು ಚಕ್ರಕ್ಕೆ ಮುಟ್ಟಿಸುವ ಸರಳು. ಅದರ ತುದಿಯಲ್ಲಿ ಬಟ್ಟಲಿನೊಳಗೆ ಒಂದು ಗುಂಡು ಕೂತಿರುತ್ತದೆ. ಗುಂಡು ಸವೆದರೆ ಮಾತು ಅಲ್ಲೇ ತೊದಲುತ್ತದೆ. ಇಷ್ಟು ತಿಳಿದುಕೊಳ್ಳಲು ದೊಡ್ಡ ಓದೇನೂ ಬೇಡ. ಹರಪನಹಳ್ಳಿಗೆ ಹೋಗಿ ಎರಡೂ ಕಡೆಯ ಹೊಸ ತುದಿಗಳನ್ನು ತಂದೆ.

ಅಮಾವಾಸ್ಯೆಯ ದಿನ ನಾವು ಗೌಂಡಿಗಳು ಕರಣೆ ಮುಟ್ಟುವುದಿಲ್ಲ. ಅಂದು ಬೆಳಿಗ್ಗೆಯೇ ಕಾರಿನ ಮುಂಭಾಗವನ್ನು ಜಾಕಿನಿಂದ ಎತ್ತಿ, ಅಡಿಗೆ ಸೈಜುಗಲ್ಲು ಜೋಡಿಸಿ, ಅಲುಗಾಡಿಸಿ ನೋಡಿ, ನಟ್ಟು ಬಿಚ್ಚುವ ಪಾನಾ ಹಿಡಿದು ಗೋಣಿಚೀಲ ಹಾಸಿಕೊಂಡು ಮಲಗಿದೆ.

"ಅಮಾಸಿ ದಿನ ಕರಣಿ ಮುಟ್ಟಂಗಿಲ್ಲ ಅಂತೀರಿ, ಪಾನಾ ಮುಟ್ಟಬೌದೇನ್ರಿ?" ಹೊಸ್ತಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ಕೇಳಿದಳು.

"ಪಾನಾಕ್ಕ ಅಮಾಸಿ ಇಲ್ಲ."

"ಯಾರು ಹೇಳಿದ್ರು?"

"ಪಾನಾನ ಹೇಳತು. ಸುಮ್ನ ಕಾಯಿ ಸುಲಿಯಲೇ."

ನಟ್ಟು ತುಕ್ಕು ಹಿಡಿದಿತ್ತು. ಹಿಂದಿನ ಸಂಜೆಯೇ ಸೀಮೆಎಣ್ಣೆ ಬಿಟ್ಟಿದ್ದರಿಂದ ಗೊಣಗುತ್ತ ಬಿಚ್ಚಿಕೊಂಡಿತು. ಹಳೆಯ ತುದಿ ಮಾತ್ರ ತಾನು ಕೂತ ಕಣ್ಣಿನಿಂದ, ಅಂದರೆ ಕಬ್ಬಿಣದ ತೂತಿನಿಂದ, ಹೊರಬರಲು ಒಪ್ಪಲಿಲ್ಲ. ಅದನ್ನು ಮೇಲಿನಿಂದ ಬಡಿದು ಪ್ರಯೋಜನವಿಲ್ಲ, ಕಣ್ಣಿನ ಪಕ್ಕಕ್ಕೆ ಬಡಿಯಬೇಕು. ಕಲ್ಲು ಒಡೆಯುವಾಗಲೂ ಹಾಗೆಯೇ, ಎಲ್ಲಿ ಪೆಟ್ಟು ಬಿದ್ದರೆ ಬಿಡುತ್ತದೆ ಎಂದು ಕೈಗೆ ಗೊತ್ತಿರುತ್ತದೆ. ನನ್ನ ಸುತ್ತಿಗೆಯಿಂದ ಬಿಗಿಯಾಗಿ ಕೊಟ್ಟೆ. ಠಕ್ಕೆಂದು ಜಾರಿ ಬಿತ್ತು. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಣಗಿದ ಹುಣಸೆಕಾಯಿಯೊಳಗಿನ ಬೀಜದ ಹಾಗೆ ಗಲಗಲ ಎಂದಿತು. ಹೆಂಡತಿಗೆ ತೋರಿಸಿದೆ.

"ಇದನ್ನ ನಂಬಿ ನಾವು ಇಷ್ಟು ದಿನ ಕೂಡ್ಲಿಗಿ ಸಂತಿಗೆ ಹೋಗಿ ಬಂದೀವೇನು!" ಎಂದು ಅವಳು ಎದೆ ಮೇಲೆ ಕೈ ಇಟ್ಟುಕೊಂಡಳು.

ಹೊಸ ತುದಿಗಳನ್ನು ಕೂರಿಸಿದ ಮೇಲೆ ಚಕ್ರಗಳನ್ನು ನೆಟ್ಟಗೆ ಮಾಡುವ ಕೆಲಸ. ಹಳೆಯದು ಎಷ್ಟು ಸುತ್ತು ತಿರುಗಿಸಿದಾಗ ಬಿಚ್ಚಿತೋ ಅಷ್ಟೇ ಸುತ್ತು ಹೊಸದನ್ನು ತಿರುಗಿಸಬೇಕು ಎಂದು ಮೆಕ್ಯಾನಿಕ್ ಹೇಳಿದ್ದ. ತಿರುಗಿಸಿದ್ದೆ ಕೂಡ. ಆದರೆ ಗೋಡೆ ಕಟ್ಟುವವನು ಕಣ್ಣಂದಾಜಿಗೆ ಬಿಡುತ್ತಾನೆಯೇ? ಕಾರನ್ನು ಕೆಳಗಿಳಿಸಿ, ಗೋಡೆಗೆ ಹಿಡಿಯುವ ನನ್ನ ದಾರ ತಂದು ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ಎರಡೂ ಕಡೆ ಎಳೆದು ಕಟ್ಟಿದೆ. ಮೊದಲು ಸ್ಟೇರಿಂಗ್ ನಡುಮಧ್ಯಕ್ಕೆ ನಿಲ್ಲಬೇಕು. ಅದರ ನಡುವಿನ ಅಡ್ಡಕಡ್ಡಿ ನೋಡಿ ಮಧ್ಯ ಹಿಡಿಯುವ ಹಾಗಿರಲಿಲ್ಲ, ಯಾಕೆಂದರೆ ಕಾರಿನ ಹಿಂದಿನ ಮಾಲೀಕ ಯಾವುದೋ ಬೇರೆ ಗಾಡಿಯ ಸ್ಟೇರಿಂಗ್ ತಂದು ವಾರೆಯಾಗಿ ಕೂರಿಸಿದ್ದ. ನನಗೆ ಇದ್ದ ಗುರುತು ಒಂದೇ, ಆಯುಧಪೂಜೆಯ ಕುಂಕುಮ. ಪ್ರತಿ ವರ್ಷ ಚಕ್ರ ನೆಟ್ಟಗೆ ನಿಲ್ಲಿಸಿ, ಸ್ಟೇರಿಂಗಿನ ನೆತ್ತಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟು ಇಡುವುದು ನಮ್ಮ ಮನೆಯ ರೂಢಿ. ಹೊಸದಾಗಿ ಹಾಕಿಸಿದ್ದ ರೆಕ್ಸಿನ್ ಕವರಿನ ಮೇಲೆ ಒಂದೇ ಬೊಟ್ಟು, ಕೆಂಪಗೆ ಕೂತಿತ್ತು. ಅದನ್ನು ನೆತ್ತಿಗೆ ತಂದು, ಸ್ಟೇರಿಂಗನ್ನು ಸೀಟಿಗೆ ಹಗ್ಗದಿಂದ ಬಿಗಿದು ಕಟ್ಟಿದೆ.

ನೋಡಿದರೆ ಎರಡೂ ಚಕ್ರ ದಾರ ಬಿಟ್ಟು ಒಂದೇ ಕಡೆಗೆ ಸೊಟ್ಟಗಿವೆ!

"ನೋಡಿಲ್ಲಿ, ಹಿಂದ ಯಾವನೋ ಡೊಂಕ ಕಟ್ಟಿ ಹೋಗ್ಯಾನ," ಎಂದು ಹೆಂಡತಿಯನ್ನು ಕೂಗಿ ತೋರಿಸಿದೆ. "ಅದಕ್ಕ ಗಾಡಿ ಹಂಗ ಆಡತಿತ್ತು."

ಒಂದು ಕಡೆಯ ಸರಳನ್ನು ಒಳಕ್ಕೆ, ಇನ್ನೊಂದನ್ನು ಹೊರಕ್ಕೆ ತಿರುಗಿಸಿ ಚಕ್ರಗಳನ್ನು ದಾರಕ್ಕೆ ತಂದು ನಿಲ್ಲಿಸಿದೆ. ನಟ್ಟು ಬಿಗಿದು, ಪಿನ್ನು ಮಡಚಿ ಎದ್ದೆ. ಗಿಲಾವು ಮುಗಿಸಿದ ಗೋಡೆಯನ್ನು ದೂರ ನಿಂತು ನೋಡುವ ಹಾಗೆ ಕಾರನ್ನು ನೋಡಿದೆ.

ಪರೀಕ್ಷೆ ಇನ್ನೂ ಬಾಕಿ ಇತ್ತು. ಹೆಂಡತಿ ಸೆರಗು ಬಿಗಿದುಕೊಂಡು ಮುಂದಿನ ಸೀಟಿನಲ್ಲಿ ಬಂದು ಕೂತಳು. ಕೂಡ್ಲಿಗಿ ರಸ್ತೆಯ ನೇರ ದಾರಿಯಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದ್ದನ್ನು ನೋಡಿ, ಸ್ಟೇರಿಂಗನ್ನು ಬೆರಳ ತುದಿಗೆ ಬಿಟ್ಟೆ. ಅವಳು ರಸ್ತೆಯ ಬಿಳಿ ಗೆರೆಯಿಂದ ಕಣ್ಣು ತೆಗೆಯಲಿಲ್ಲ. ಕಾರು ನೂಲು ಹಿಡಿದ ಹಾಗೆ ಹೋಯಿತು. ಕಟಕಟ ಇಲ್ಲ, ಅಲುಗಾಟ ಇಲ್ಲ.

"ಏನಂತಿ?"

"ನೆಟ್ಟಗ ಹೊಕ್ಕೈತಿ," ಎಂದಳು. ಆಮೇಲೆ, "ನನ್ನ ಮಗಳು ಕುಂದ್ರಬೌದು," ಎಂದಳು. ಅವಳ ಬಾಯಿಂದ ಅಷ್ಟು ಬಂದದ್ದೇ ನನಗೆ ಶಾಲು ಹೊದಿಸಿದ ಹಾಗಾಯಿತು.

ಸೋಮವಾರ ಬೆಳಿಗ್ಗೆ ಹಡಗಲಿ ಹಾದು ಹೊಳಲಿಗೆ ಹೋದೆವು. ನಮ್ಮ ಬೀಗರು ಸರ್ಕಾರಿ ಬಸ್ಸಿನ ಡ್ರೈವರ್. ಊಟವಾದ ಮೇಲೆ, ಸ್ಟೇರಿಂಗ್ ನಾನೇ ಬಿಚ್ಚಿ ಕಟ್ಟಿದ್ದು ಎಂದು ನಾನು ಹೇಳದೆ ಇರಲಿಲ್ಲ, ಎರಡು ಸಲ ಹೇಳಿದೆ. ಅವರು ಮೀಸೆಯೊಳಗೆ ನಗುತ್ತ, "ತರ್ರಿ ಕೀಲಿ. ನನ್ನ ಸೊಸಿ ಕುಂದ್ರೂ ಗಾಡಿ, ನಾನೂ ಒಂದ ಕೈ ನೋಡ್ತೀನಿ," ಎಂದರು.

ಮನೆಯ ಮುಂದೆ ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು, ನಿಲ್ಲಿಸಿದರು. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಇಳಿದು ಕೆಳಗೆ ಕೂತು, ಟೈರಾಡನ್ನು ಕೈಯಿಂದ ಹಿಡಿದು ಜಗ್ಗಿದರು. ಮಗಳು ಹೊಟ್ಟೆ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಿದ್ದಳು. ನಾನೂ ಅವರ ಪಕ್ಕ ಬಗ್ಗಿ ನೋಡಿದೆ.

"ಬೀಗರ, ಬಿಗಿ ಭೇಷ್ ಐತಿ. ಆಟ ಒಂಚೂರೂ ಇಲ್ಲ. ಆದ್ರ ಎಡಕ್ಕ ತಿರುಗಿದಷ್ಟು ಬಲಕ್ಕ ತಿರಗವಲ್ದು. ಮಧ್ಯ ಎಲ್ಲಿ ಹಿಡದೀರಿ?"

"ಕುಂಕುಮಕ್ಕ ಹಿಡದೀನ್ರಿ. ಆಯುಧಪೂಜಿ ಬೊಟ್ಟು."

"ಬೊಟ್ಟು ಇಟ್ಟೋರು ಯಾರು?"

ಆಗ ನನಗೆ ಹೊಳೆಯಿತು. ಹೋದ ಆಯುಧಪೂಜೆಗೆ ನಾನು ಹಗರಿಬೊಮ್ಮನಹಳ್ಳಿಯಲ್ಲಿ ಸ್ಲ್ಯಾಬಿನ ಕೆಲಸದಲ್ಲಿದ್ದೆ. ಪೂಜೆ ಮಾಡಿದವಳು ಹೆಂಡತಿ. ಎಲ್ಲರೂ ಅವಳ ಕಡೆ ತಿರುಗಿದೆವು.

"ನನ್ಯಾಕ ನೋಡ್ತೀರಿ?" ಎಂದಳು ಅವಳು. "ಇವ್ರು ಕಾರಿನ ಗಾಲಿ ಬಲಕ್ಕ ಗಟಾರದ ಕಡಿ ಹೊಳ್ಳಿಸಿ ನಿಲ್ಲಿಸಿ ಹೋಗಿದ್ರು. ಮ್ಯಾಲ ಎಲ್ಲಿ ಕಂಡತೋ ಅಲ್ಲಿ ಹಚ್ಚೀನಿ. ನನಗೇನು ಗೊತ್ತು, ನಾ ಹಚ್ಚಿದ ಬೊಟ್ಟು ನೋಡಿ ಇವ್ರು ಗಾಡಿ ಕಟ್ತಾರಂತ!"

ಬೀಗರು ಕಾರಿನ ಬಾಗಿಲು ಹಿಡಿದುಕೊಂಡೇ ನಕ್ಕರು. ಬೀಗತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಯಾವನೋ ಡೊಂಕು ಕಟ್ಟಿ ಹೋಗಿದ್ದಾನೆ ಎಂದು ನಾನು ಬೈದದ್ದು ಅವತ್ತು ಹೊಸ್ತಿಲಲ್ಲಿ ಕೂತಿದ್ದವಳಿಗೆ ನೆನಪಿತ್ತು, ಅದನ್ನೂ ಅಲ್ಲೇ ಹೇಳಿಬಿಟ್ಟಳು.

"ಈಗ ಹೆಂಗ್ರಿ? ಕರಕೊಂಡು ಹೋಗಬೌದಲ್ಲ?" ಎಂದೆ, ನಗು ಬಂದರೂ ಜೀವ ಮಗಳ ಮೇಲೇ ಇತ್ತು.

"ಭಯ ಏನಿಲ್ರಿ. ಬಲಕ್ಕ ಹೊಳ್ಳಿಸೂವಾಗ ಒಂದೀಟು ಜಾಗ ಜಾಸ್ತಿ ಬೇಕು, ಅಷ್ಟ. ಬೇಕಂದ್ರ ಈಗ ಇಬ್ರೂ ಕೆಳಗ ಮಲಗಿ ಸರಿ ಮಾಡೋಣು."

ನಾನು ಅಂಗಿಯ ತೋಳು ಮಡಚಿಯೇಬಿಟ್ಟೆ. ಹೆಂಡತಿ ನಡುವೆ ಬಂದು ನಿಂತಳು.

"ಬಿಳಿ ಅಂಗಿ ಹಾಕ್ಕೊಂಡು ಗಾಡಿ ಕೆಳಗ ಹೋಗಬ್ಯಾಡ್ರಿ. ನಾ ಕೇಳಿದ್ದು ಕಾರು ನೆಟ್ಟಗ ಹೋಗಬೇಕಂತ. ಕೊಟ್ಟೂರಿಂದ ಇಲ್ಲೀಮಟ ನೆಟ್ಟಗ ಬಂದೈತಿ. ಹತ್ತವ್ವಾ ನೀನು, ಹೊತ್ತಾತು."

ಮಗಳು ಹತ್ತಿದಳು. ಹಡಗಲಿಯಲ್ಲಿ ಮಲ್ಲಿಗೆ ಮಾರುವವಳನ್ನು ದಾಟಿ ಮುಂದೆ ಬಂದುಬಿಟ್ಟಿದ್ದೆ, ಕಾರು ತಿರುಗಿಸು ಎಂದು ಹಟ ಹಿಡಿದಳು. ಬಲಕ್ಕೆ ತಿರುಗಿಸಲು ಹೋದೆ. ಕಾರು ಅರ್ಧ ರಸ್ತೆಗೇ ನಿಂತಿತು. ಹಿಂದೆ ಟಂಟಂ ಆಟೋದವನು ಹಾರ್ನ್ ಹೊಡೆದ.

"ಅಪ್ಪಾ, ಕುಂಕುಮಕ್ಕ ಕೇಳು, ಯಾ ಕಡಿ ಹೋಗಂತೈತಿ," ಎಂದು ಹಿಂದಿನಿಂದ ಮಗಳು ನಕ್ಕಳು. ತಾಯಿ ಅವಳಿಗಿಂತ ಜೋರಾಗಿ ನಕ್ಕಳು.

ಮರುದಿನವೇ ಸರಿ ಮಾಡಿದೆ. ಈ ಸಲ ಸ್ಟೇರಿಂಗನ್ನು ಎಡದ ತುದಿಯಿಂದ ಬಲದ ತುದಿಯವರೆಗೆ ಪೂರ್ತಿ ತಿರುಗಿಸಿ, ಎಣಿಸಿ, ಅರ್ಧಕ್ಕೆ ತಂದು ನಿಲ್ಲಿಸಿ ಮಧ್ಯ ಹಿಡಿದೆ. ಮೊದಲೇ ಹಾಗೆ ಮಾಡಬಹುದಿತ್ತು. ಮಾಡಿದ್ದರೆ ಬೀಗರಿಗೆ ನನ್ನನ್ನು ಕಂಡಾಗಲೆಲ್ಲ ನಗಲು ಏನು ಸಿಗುತ್ತಿತ್ತು?

ಮುಂದಿನ ಆಯುಧಪೂಜೆಗೆ ನಾನು ಮನೆಯಲ್ಲೇ ಇದ್ದೆ. ಹೆಂಡತಿ ಕುಂಕುಮದ ಬಟ್ಟಲು ಹಿಡಿದು ಕಾರಿನ ಬಾಗಿಲಲ್ಲಿ ನಿಂತಿದ್ದಳು, ಸೊಂಟದ ಮೇಲೆ ಮೊಮ್ಮಗಳು.

"ಬರ್ರಿ," ಎಂದು ಕೂಗಿದಳು. "ನೆಟ್ಟಗ ಹಿಡೀರಿ ಇದನ್ನ. ಆಮ್ಯಾಲ ನನ್ನ ಮ್ಯಾಲ ಹಾಕಬ್ಯಾಡ್ರಿ."

ನಾನು ಸ್ಟೇರಿಂಗ್ ಹಿಡಿದು ನಿಂತೆ. ಅವಳು ಬೊಟ್ಟು ಇಟ್ಟಳು. ಮಗು ಕೈ ಚಾಚಿ ಅದನ್ನು ಬದಿಗೆ ಒರೆಸಿತು.