ಎರಡು ದೋಣಿ, ಒಂದು ಬುತ್ತಿ

ಪುಣೆ ಬಳಿಯ ಭೋಸರಿಯ ಕಾರ್ಖಾನೆಯಿಂದ ವೆಲ್ಡಿಂಗ್ ಇನ್‌ಸ್ಪೆಕ್ಟರ್ ಆಗಿ ನಾನು ನಿವೃತ್ತನಾದ ಮರುವರ್ಷದ ಮಾತು. ಟ್ಯಾಂಕಿನ ಬೆಸುಗೆ ಸೋರುತ್ತದೆಯೋ, ಎಷ್ಟು ಭಾರ ತಾಳುತ್ತದೆಯೋ ಎಂದು ನೋಡುವುದೇ ಜೀವಮಾನವಿಡೀ ನನ್ನ ಕೆಲಸವಾಗಿತ್ತು. ಹಾಗಾಗಿ ಚಿಂಚವಾಡದ ನಮ್ಮ ನೆರೆಮನೆಯ ಗುರುನಾಥ, ಧಾರವಾಡ ಕಡೆಯ ಬಟ್ಟೆ ವ್ಯಾಪಾರಿ, ಒಂದು ಬೆಳಿಗ್ಗೆ ಬಂದು "ಕಾಕಾ, ಎರಡು ಹಳೇ ಪಾಂಟೂನ್ ದೋಣಿ ನೋಡೇನ್ರಿ. ಯಾವುದು ತಗೋಬೇಕು, ನೀವ ಹೇಳ್ರಿ" ಎಂದಾಗ ಮತ್ತೆ ನೌಕರಿ ಸಿಕ್ಕಷ್ಟು ಖುಷಿಯಾಯಿತು.

ದೋಣಿ ಬೇಕಾಗಿದ್ದದ್ದು ಅವನ ತಾಯಿ ಶಾಂತವ್ವನವರಿಗಾಗಿ. ಮೊಣಕಾಲು ನೋವು ಬಂದಮೇಲೆ ಆಕೆ ಮನೆಯವರ ಜೊತೆ ಎಲ್ಲಿಗೂ ಹೊರಡುತ್ತಿರಲಿಲ್ಲ. ಪಾಂಟೂನ್ ಎಂದರೆ ಉದ್ದನೆಯ ಎರಡು ಅಲ್ಯೂಮಿನಿಯಂ ಕೊಳವೆಗಳ ಮೇಲೆ ಜಗಲಿಯಂತೆ ಹಲಗೆ ಹಾಸಿದ ದೋಣಿ, ಮೆಟ್ಟಿಲು ಹತ್ತಬೇಕಿಲ್ಲ. "ಒಂದ್ಸಲ ಹೆದರಿದ್ರ ಮುಗೀತು ಕಾಕಾ, ಅವ್ವ ಮತ್ತ ಹೊಸ್ತಿಲಾ ದಾಟಂಗಿಲ್ಲ" ಎಂದು ಗುರುನಾಥ ಮೊದಲೇ ಹೇಳಿದ್ದ.

ಭಾನುವಾರ ಅವರ ಮನೆಯ ಹತ್ತೂ ಜನ, ಜೊತೆಗೆ ನಾನು, ದೋಣಿಗಳಿದ್ದ ಅಣೆಕಟ್ಟಿನ ಹಿನ್ನೀರಿಗೆ ಹೋದೆವು. ಒಂದು ದೋಣಿ ನೀಲಿ ಬಣ್ಣದ್ದು, ಮುಂಭಾಗದಲ್ಲಿ ಮೆತ್ತನೆಯ ಸೋಫಾ. ಇನ್ನೊಂದು ಮಾಸಿ ಹೋಗಿತ್ತು. ನಟ್ಟನಡುವೆ ದುಂಡಗೆ ಜೋಡಿಸಿದ, ತೇಪೆ ಹಾಕಿದ ಸೀಟುಗಳು. ಎರಡನ್ನೂ ದಂಡೆಗೆ ಎಳೆಸಿ, ಕೊಳವೆಗೆ ಕಾಲುಪಂಪಿನಿಂದ ಗಾಳಿ ತುಂಬಿ, ಬೆಸುಗೆಗಳಿಗೆ ಸಾಬೂನು ನೀರು ಸವರಿದೆ. ಸೋರಿಕೆಯಿದ್ದರೆ ಗುಳ್ಳೆ ಏಳಬೇಕು. ಎಲ್ಲಿಯೂ ಏಳಲಿಲ್ಲ. ನೀಲಿಯದರ ಎಂಜಿನ್ ಹೊಸದು. ಎರಡನ್ನೂ ಮತ್ತೆ ನೀರಿಗಿಳಿಸಿ, ಹಗ್ಗ ಬಿಚ್ಚದೆಯೇ, ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿ, ನೀಲಿಯದರಲ್ಲಿ ಆಚೆ ಐದು ಈಚೆ ಐದು ಜನರನ್ನು ಕೂರಿಸಿ ಲೋಡ್ ಟೆಸ್ಟ್ ಮಾಡಿದೆ. ಸಮತಟ್ಟಾಗಿ ನಿಂತಿತು. "ನೀಲಿದ ತಗೋಪಾ" ಎಂದುಬಿಟ್ಟೆ.

ಅಷ್ಟರಲ್ಲಿ ಮುಂದಿನ ಸೋಫಾದಲ್ಲಿದ್ದ ಶಾಂತವ್ವ ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಎಣ್ಣೆಗಾಯಿ. "ಬರ್ರಿ, ಎಲ್ಲಾರೂ ಹಸದೀರಿ!"

ಒಂಬತ್ತು ತಾಟುಗಳು ಒಟ್ಟಿಗೆ ಎದ್ದು ಮುಂದಕ್ಕೆ ಓಡಿದವು. ದೋಣಿಯ ಮೂತಿ ತಗ್ಗಿ, ಹಲಗೆಯ ಮೇಲೆ ಪಾದ ಮುಳುಗುವಷ್ಟು ನೀರು ಹರಿಯಿತು. ಶೇಂಗಾ ಚಟ್ನಿಯ ಡಬ್ಬಿ ತೇಲಿ ಹೊರಟೇಬಿಟ್ಟಿತು. "ಹಿಂದ ಸರೀರಿ!" ಎಂದು ಕೂಗಿ ನಾನು ಶಾಂತವ್ವನವರ ಮುಖ ನೋಡಿದೆ.

ಆಕೆ ಸೀರೆಯ ನಿರಿಗೆ ಎತ್ತಿ ಹಿಡಿದು ನಗುತ್ತಿದ್ದರು. "ಏನ್ರಿ ಇನ್‌ಸ್ಪೆಕ್ಟರ್ ಸಾಹೇಬ್ರ, ತಳಾ ಅಷ್ಟ ನೋಡಿದ್ರೇನು? ನೀರು ಮ್ಯಾಲಿಂದ ಬಂತಲ್ರಿ!"

ಗುರುನಾಥನ ಹೆಂಡತಿ ಬಿದ್ದು ಬಿದ್ದು ನಕ್ಕಳು. ಶಾಂತವ್ವ ಮಾಸಿದ ದೋಣಿಯತ್ತ ಕೈ ತೋರಿಸಿದರು. "ನನ್ನ ಅದರಾಗ ನಡುವ ಕುಂಡ್ರಸ್ರಿ. ಎಲ್ಲಾರ ತಾಟೂ ಕೈಗೆ ಸಿಗತಾವ, ಯಾರೂ ಏಳೂದ ಬ್ಯಾಡ."

ಅದಕ್ಕೆ ಹತ್ತಿ ಹಾಗೆಯೇ ಕೂತೆವು. ಆಕೆ ಬಡಿಸಿದರು, ಸುತ್ತ ಕೂತವರು ಉಂಡರು. ಹಲಗೆಯ ಮೇಲೆ ನಾನಿಟ್ಟ, ಮಟ್ಟ ನೋಡುವ ಸ್ಪಿರಿಟ್ ಲೆವೆಲ್‌ನ ಗುಳ್ಳೆ ನಡುವಿನಿಂದ ಕದಲಲಿಲ್ಲ. ಊಟ ಮುಗಿದಮೇಲೆ ಶಾಂತವ್ವನೇ ಹೇಳಿದರು, "ಇನ್ನ ಹಗ್ಗಾ ಬಿಚ್ಚೋ ಗುರು."

ಅಷ್ಟು ವರ್ಷ ನಾನು ಭಾರ ಅಳೆದಿದ್ದೆ. ಭಾರಕ್ಕೂ ಹಸಿವಾಗುತ್ತದೆ, ಅದು ಎದ್ದು ಓಡುತ್ತದೆ ಎಂಬುದು ಯಾವ ಕೈಪಿಡಿಯಲ್ಲೂ ಇರಲಿಲ್ಲ. ಈಗಲೂ ಯಾರಾದರೂ ಗಾಡಿಯೋ ಮನೆಯೋ ನೋಡಿಕೊಡಿ ಎಂದು ಕರೆದರೆ ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ: "ಬುತ್ತಿ ಎಲ್ಲಿ ಬಿಚ್ಚತೀರಿ?"